ವಿಮಾನದ ಬೆನ್ನು ನೋಡಿದವರು

ನಮ್ಮ ಮನೆಯಲ್ಲಿ ಒಲೆಯ ಮೇಲೆ ಕುಕ್ಕರ್ ಇಟ್ಟರೆ ನಾನು ಅಡುಗೆಮನೆಯ ಬಾಗಿಲಿಗೆ ಬಂದು ನಿಲ್ಲುತ್ತೇನೆ. ರಬ್ಬರ್ ಸರಿಯಾಗಿ ಕೂತಿದೆಯೋ, ಸೀಟಿಯ ರಂಧ್ರದಲ್ಲಿ ಬೇಳೆ ಸಿಕ್ಕಿದೆಯೋ ಎಂದು ಬಗ್ಗಿ ನೋಡುತ್ತೇನೆ. ಹೆಂಡತಿ ಮಹಾದೇವಿಗೆ ಇದು ಸಾಕಾಗಿ ಹೋಗಿದೆ.

"ಅದು ಕುಕ್ಕರ್ ಅದರಿ, ನಿಮ್ಮ ವಿಮಾನ ಅಲ್ಲ. ಹೋಗಿ ಹೊರಗ ಕುಂದ್ರಿ. ಲಗ್ನ ಆದಾಗಿನಿಂದ ಅನ್ನ ಮಾಡ್ಲಿಕತ್ತೀನಿ, ಒಮ್ಮೆರೆ ಸಿಡಿದದೇನು?"

ಇಲ್ಲಿಯವರೆಗೆ ಸಿಡಿದಿಲ್ಲ ಎನ್ನುವುದು ನನಗೆ ಸಮಾಧಾನ ಕೊಡುವ ಉತ್ತರವಲ್ಲ. ಇಲ್ಲಿಯವರೆಗೆ ಬಿದ್ದಿಲ್ಲ ಎಂದು ಜನ ಹೇಳುತ್ತಿದ್ದ ವಿಮಾನಗಳನ್ನು ನಾನು ಬಹಳ ನೋಡಿದ್ದೇನೆ. ವಾಡಿಯ ನಮ್ಮ ಓಣಿಯಲ್ಲಿ ನನ್ನನ್ನು 'ಸಂಶಯ ಕಾಕಾ' ಎನ್ನುತ್ತಾರೆ. ರಸ್ತೆಯಲ್ಲಿ ಮೊಳೆ ಕಂಡರೆ ಹೆಕ್ಕಿ ಜೇಬಿಗೆ ಹಾಕಿಕೊಳ್ಳುತ್ತೇನೆ, ಯಾರೋ ಬೀಗ ಹಾಕಿ ಹೊರಟರೆ ಹಿಂದಿನಿಂದ ಹೋಗಿ ಜಗ್ಗಿ ನೋಡುತ್ತೇನೆ. ಬೈಯುತ್ತಾರೆ, ಬೈಸಿಕೊಳ್ಳುತ್ತೇನೆ.

ಹೋದ ತಿಂಗಳು ಕೊಡ್ಲಿಯಿಂದ ಒಬ್ಬ ಹುಡುಗಿ ತನ್ನ ಅಪ್ಪನ ಜೊತೆ ಮನೆಗೆ ಬಂದಿದ್ದಳು. ಹೆಸರು ಭಾಗ್ಯಶ್ರೀ. ವಾಯುಪಡೆಯ ತಾಂತ್ರಿಕ ಕೆಲಸಕ್ಕೆ ಆಯ್ಕೆಯಾಗಿದ್ದಾಳೆ. "ಕಾಕಾ, ಅಲ್ಲಿ ಹೋಗಿ ಮೊದಲ ಏನ್ ಕಲೀಬೇಕ್ರಿ?" ಎಂದು ಕೇಳಿದಳು.

"ಅನುಮಾನ ಪಡೋದು ಕಲಿ ತಂಗಿ."

"ಯಾರ ಮ್ಯಾಲರಿ?"

"ಮೊದಲ ನಿನ್ನ ಮ್ಯಾಲ. ಆಮ್ಯಾಲ ನನ್ನಂಥವ್ರ ಮ್ಯಾಲ."

ಹುಡುಗಿ ಅಪ್ಪನ ಮುಖ ನೋಡಿದಳು. ಈ ಮುದುಕನ ತಲೆ ನೆಟ್ಟಗಿದೆಯೋ ಇಲ್ಲವೋ ಎಂಬ ಅನುಮಾನ ಅವಳ ಕಣ್ಣಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು. ಆಗಲಿ, ಶುರು ಒಳ್ಳೆಯದಾಯಿತು ಎಂದುಕೊಂಡೆ. ಚಹಾ ಕುಡಿಯುವಷ್ಟು ಹೊತ್ತಿನಲ್ಲಿ ಹೇಳಿ ಮುಗಿಸಲಾಗದ್ದನ್ನು ಅವಳಿಗಾಗಿ, ಅವಳ ಹಾಗೆ ಈಗ ಸೇರುವವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ. ನನಗೆ ತೋಳಿನ ಮೇಲೆ ಯಾವ ಪಟ್ಟಿ ಯಾವಾಗ ಸಿಕ್ಕಿತು, ಯಾವ ಪದಕ ಬಂತು ಎಂಬುದೆಲ್ಲ ಇದರಲ್ಲಿಲ್ಲ. ಅದರಿಂದ ಯಾರಿಗೂ ಉಪಯೋಗವಿಲ್ಲ.

ನಾನು ಶಹಾಬಾದಿನವನು. ಅಪ್ಪ ಕಲ್ಲಿನ ಖಣಿಯಲ್ಲಿ ಫರ್ಸಿ, ಅಂದರೆ ಹಾಸುಗಲ್ಲು, ಆರಿಸುವ ಕೆಲಸದಲ್ಲಿದ್ದ. ಎಬ್ಬಿಸಿದ ಫರ್ಸಿಯನ್ನು ಒರಗಿಸಿಟ್ಟು ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತಿದ್ದ. ಗಂಟೆಯ ಹಾಗೆ ದನಿ ಬಂದರೆ ಒಳ್ಳೆಯ ಕಲ್ಲು, ಬದ್ದೆಂದರೆ ಒಳಗೆ ಬಿರುಕು. ಕಣ್ಣಿಗೆ ಎರಡೂ ಒಂದೇ. ನುಣುಪಾಗಿ ಕಂಡದ್ದನ್ನು ನಂಬಬಾರದು ಎಂಬ ಪಾಠ ನನಗೆ ಸಮವಸ್ತ್ರ ತೊಡುವ ಮೊದಲೇ ಆಗಿತ್ತು.

ತರಬೇತಿ ಮುಗಿಸಿ ನಾನು ಸೇರಿದ್ದು ಪಶ್ಚಿಮದ ಮರಳುನಾಡಿನ ಒಂದು ನೆಲೆಯಲ್ಲಿದ್ದ ಸ್ಕ್ವಾಡ್ರನ್‌ಗೆ. ಆಗ ನಮ್ಮ ಫೈಟರ್‌ಗಳೆಂದರೆ ಬಹುಪಾಲು ಮಿಗ್. ಒಂದೇ ಎಂಜಿನ್ನಿನ ಸಣ್ಣ ವಿಮಾನ. ರೆಕ್ಕೆ ಎಷ್ಟು ಚಿಕ್ಕದೆಂದರೆ ಮೊದಲ ದಿನ ನೋಡಿ ಇದು ಹಾರುತ್ತದೆಂಬುದೇ ನನಗೆ ಅನುಮಾನವಾಗಿತ್ತು. ಹಾರಿದ್ದನ್ನು ನೋಡಿದ ಮೇಲೆ ಇದು ಇಳಿಯುತ್ತದೆಯೇ ಎಂಬ ಅನುಮಾನ ಬಂತು. ಪತ್ರಿಕೆಗಳು ಅದಕ್ಕೆ ಬಹಳ ಕೆಟ್ಟ ಹೆಸರು ಕೊಟ್ಟವು. ನಾನು ಅದರ ಹೊಟ್ಟೆಯೊಳಗೆ ತಲೆ ತೂರಿಸಿ ಆಯುಷ್ಯ ಕಳೆದವನು, ನನಗೆ ಅದರ ಮೇಲೆ ಸಿಟ್ಟಿಲ್ಲ. ತಗಡು ತಾನಾಗಿ ಸುಳ್ಳು ಹೇಳುವುದಿಲ್ಲ.

ಅಲ್ಲಿಯ ಕೆಲಸದ ರೀತಿ ಹೀಗಿತ್ತು. ಬೆಳಿಗ್ಗೆ ಮೊದಲ ಕೆಲಸ, ಸಣ್ಣವರು ದೊಡ್ಡವರೆನ್ನದೆ ಎಲ್ಲರೂ ಸಾಲಾಗಿ ನಿಂತು, ನೆಲ ನೋಡುತ್ತ ವಿಮಾನ ನಿಲ್ಲುವ ಜಾಗದುದ್ದಕ್ಕೂ ನಡೆಯುವುದು. ಕಲ್ಲು, ತಂತಿಯ ತುಂಡು, ಅಂಗಿಯ ಗುಂಡಿ, ಏನು ಕಂಡರೂ ಹೆಕ್ಕಬೇಕು. ಎಂಜಿನ್ ಒಂದು ಹರಳನ್ನು ಎಳೆದುಕೊಂಡರೆ ಮುಗಿಯಿತು. ಇನ್ನು ಪ್ರತಿಯೊಂದು ಸಲಕರಣೆಯ ಪೆಟ್ಟಿಗೆಯಲ್ಲಿ ಪ್ರತಿಯೊಂದು ಪಾನಾಕ್ಕೂ, ಅಂದರೆ ಸ್ಪ್ಯಾನರಿಗೂ, ಅದರದೇ ಆಕಾರದ ಗೂಡು ಕೊರೆದಿರುತ್ತಿತ್ತು. ಪಾನಾ ಇಲ್ಲದಿದ್ದರೆ ಗೂಡು ಬಾಯಿ ತೆರೆದುಕೊಂಡು ಎಲ್ಲರಿಗೂ ಕಾಣುತ್ತಿತ್ತು. ಪಾನಾದ ಮೇಲೆ ಪೆಟ್ಟಿಗೆಯ ಗುರುತು ಕೊರೆದಿರಬೇಕು. ಕೆಲಸ ಮುಗಿದಾಗ ಒಂದು ಗೂಡು ಖಾಲಿ ಇದ್ದರೆ ಆ ವಿಮಾನ ಹಾರುವಂತಿಲ್ಲ, ಸಿಗುವವರೆಗೆ ಬಿಚ್ಚಬೇಕು. ಇದೆಲ್ಲದರ ಮೇಲೆ ಎರಡನೆಯವನ ಕಣ್ಣು. ಒಬ್ಬ ಬಿಗಿ ಮಾಡಿದ್ದನ್ನು ಇನ್ನೊಬ್ಬ ಜಗ್ಗಿ ನೋಡಿ, "ನೋಡಿದೆ" ಎಂದು ಸಹಿ ಹಾಕಬೇಕು.

ನನ್ನ ಎರಡನೆಯವನು ಗುರುರಾಜ. ಸೇಡಂನ ಆಚಾರ್ಯರ ಮನೆಯ ಹುಡುಗ. ಮನೆಯವರೆಲ್ಲ ಮಾಸ್ತರಿಕೆ, ಗುಡಿಯ ಪೂಜೆ ಎಂದು ಇದ್ದರೆ ಇವನು ಗ್ರೀಸ್ ಮೆತ್ತಿಕೊಂಡು ಮಿಗ್‌ನ ಕೆಳಗೆ ಮಲಗಿರುತ್ತಿದ್ದ. ಮೊದಲ ದಿನವೇ ನಮ್ಮಿಬ್ಬರ ಕರಾರು ಆಯಿತು.

"ಲೇ ಬಸು, ನಮ್ಮ ಕಡೆಯವ ಅಂತ ನನ್ನ ಕೆಲಸ ನಂಬಬ್ಯಾಡ. ನಾನೂ ನಿಂದು ನಂಬಂಗಿಲ್ಲ."

"ನಂಬಿದ್ರ ಹೇಳು, ನಾ ಬ್ಯಾರೆ ಜೋಡಿ ನೋಡ್ಕೋತೀನಿ," ಎಂದೆ.

ಗೆಳೆತನ ಹೀಗೆ ಶುರುವಾಯಿತು. ನಾನು ತಿರುಪು ಬಿಗಿ ಮಾಡಿದರೆ ಅವನು ಜಗ್ಗುತ್ತಿದ್ದ. ಅವನು ಖೋಲಿಯ ಬೀಗ ಹಾಕಿದರೆ ನಾನು ಜಗ್ಗುತ್ತಿದ್ದೆ. ರಜೆಯಲ್ಲಿ ಊರಿಗೆ ಬರುವಾಗ ರೈಲಿನ ಟಿಕೀಟು ಅವನ ಜೇಬಿನಲ್ಲಿದ್ದರೆ ಶಹಾಬಾದ್ ಸ್ಟೇಷನ್ ಬರುವವರೆಗೆ ನಾನು ಮೂರು ಸಲ ತೆಗೆಸಿ ನೋಡುತ್ತಿದ್ದೆ, ಅವನು ಬೇಸರಪಡುತ್ತಿರಲಿಲ್ಲ.

ನಾವು ನಮ್ಮ ಕಡೆಯ ಮಾತಿನಲ್ಲೇ ಕೆಲಸ ಮಾಡುತ್ತಿದ್ದದ್ದು ಒಮ್ಮೆ ಫಜೀತಿಗೆ ಬಂತು. ನೆಲೆಯ ಭದ್ರತೆ ನೋಡುವ ಒಬ್ಬ ಹವಾಲ್ದಾರನಿಗೆ ನಮ್ಮ ಮೇಲೆ ಗುಮಾನಿ. ಇಬ್ಬರು ವಿಮಾನದ ಕೆಳಗೆ ಮಲಗಿ ಯಾರಿಗೂ ತಿಳಿಯದ ಭಾಷೆಯಲ್ಲಿ ಪಿಸುಗುಡುತ್ತಾರೆ, ನಡುವೆ ಟಕಟಕ ಬಡಿಯುತ್ತಾರೆ, ಇದು ಯಾವ ಸಂಕೇತವೋ ಎಂದು ಮೇಲಕ್ಕೆ ವರದಿ ಮಾಡಿಬಿಟ್ಟ. ನಮ್ಮನ್ನು ಕರೆಸಿದರು. ಆ ದಿನ ನಾವು ಮಾತಾಡಿದ್ದು ಜೋಳದ ರೊಟ್ಟಿಯ ಬಗ್ಗೆ. ಹಿಂದಿಯಲ್ಲಿ ರೊಟ್ಟಿಯ ವಿವರ ಕೊಟ್ಟು, ಜೊತೆಗೆ ಶೇಂಗಾ ಹಿಂಡಿಯನ್ನೂ ವರ್ಣಿಸಿ ಬಿಡುಗಡೆಯಾದೆವು. ಗುರುರಾಜನಿಗೆ ಆ ಹವಾಲ್ದಾರನ ಮೇಲೆ ಗೌರವ ಹುಟ್ಟಿತು. "ಖರೇ ಕೆಲಸಗಾರ ಅಂವ. ಕೇಳಿ ಸುಮ್ಮ ಕೂಡ್ಲಿಲ್ಲ, ಹೇಳಿದ," ಎಂದ. ಕಂಡದ್ದನ್ನು ಹೇಳಿಬಿಡಬೇಕು ಎಂಬುದು ಗುರುರಾಜನ ಹುಟ್ಟುಗುಣ. ಅದೇ ಅವನಿಗೆ ಮುಳುವಾಯಿತು.

ಈಗ ನಮ್ಮ ಮೇಲಿನವರ ವಿಷಯ. ವಿಮಾನ ನಿಲ್ಲಿಸಿ ದುರಸ್ತಿ ಮಾಡುವ ಹ್ಯಾಂಗರ್‌ನ ಹಿರಿಯ ವಾರಂಟ್ ಆಫೀಸರ್ ಒಬ್ಬರಿದ್ದರು, ಉತ್ತರದ ಕಡೆಯವರು. ನಾವೆಲ್ಲ ಅವರನ್ನು ಉಸ್ತಾದ್ ಎನ್ನುತ್ತಿದ್ದೆವು. ಸೇವೆಗೆ ಸೇರಿದಾಗಿನಿಂದ ಒಂದೂ ಪಾನಾ ಕಳೆದಿಲ್ಲ ಎಂಬುದು ಅವರ ಹೆಮ್ಮೆ. ಪರಿಶೀಲನೆಗೆ ಬಂದ ದೊಡ್ಡ ಅಧಿಕಾರಿಗಳಿಗೆ ಅವರ ಪೆಟ್ಟಿಗೆಯನ್ನೇ ತೆರೆದು ತೋರಿಸುತ್ತಿದ್ದರು. ಅವರ ಪಾನಾಗಳ ಮೇಲೆ ಪೆಟ್ಟಿಗೆಯ ಅಂಕಿಯ ಪಕ್ಕ ಒಂದು ಚುಕ್ಕೆಯೂ ಇರುತ್ತಿತ್ತು. "ಚುಕ್ಕೆ ಇದ್ದದ್ದು ನನ್ನದು, ಯಾರೂ ಮುಟ್ಟಬೇಡಿ," ಎನ್ನುತ್ತಿದ್ದರು. ಅವರ ಹಿಂದಿಯನ್ನು ನನ್ನ ಕನ್ನಡದಲ್ಲಿ ಹೇಳುತ್ತಿದ್ದೇನೆ. ಕೈ ಬಹಳ ಉದ್ದ. ಮಿಗ್‌ನ ಬೆನ್ನಿನ ಮೇಲೆ, ಪೈಲಟ್ ಕೂರುವಲ್ಲಿಂದ ಬಾಲದವರೆಗೆ, ದಿಂಡಿನ ಹಾಗೆ ಉಬ್ಬಿದ ಒಂದು ಭಾಗವಿದೆ. ಪೈಲಟ್ ಹಿಡಿಯುವ ಸ್ಟಿಕ್ಕಿನಿಂದ ಬಾಲಕ್ಕೆ ಹೋಗುವ ಸರಳುಗಳು ಅದರೊಳಗೆ ಓಡಾಡುತ್ತವೆ. ಅದಕ್ಕಿರುವುದು ಸಣ್ಣ ಸಣ್ಣ ಕಿಂಡಿಗಳು. ಉದ್ದ ಕೈಯವರೆಂದು ಅಲ್ಲಿಯ ಕೆಲಸ ಯಾವಾಗಲೂ ಉಸ್ತಾದರದೇ.

ಅವರ ಕೆಲಸವನ್ನು ಯಾರು ಜಗ್ಗಿ ನೋಡುತ್ತಿದ್ದರು ಎಂದು ಈಗ ನೀವು ಕೇಳುತ್ತೀರಿ. ಆಗ ನಾವು ಕೇಳಲಿಲ್ಲ.

ಒಂದು ದಿನ ಒಬ್ಬ ತರುಣ ಪೈಲಟ್ ಹಾರಾಟ ಮುಗಿಸಿ ಇಳಿದು ಬಂದವರೇ ದೂರು ಬರೆದರು. ತಿರುವಿನಲ್ಲಿ ಸ್ಟಿಕ್ ಒಂದು ಕ್ಷಣ ಹಿಡಿದುಕೊಂಡಿತು, ಜೋರಾಗಿ ನೂಕಿದಾಗ ಬಿಟ್ಟಿತು. ವಿಮಾನವನ್ನು ನೆಲದ ಮೇಲೆ ನಿಲ್ಲಿಸಿ ನಾವು ಸ್ಟಿಕ್ಕನ್ನು ಎಲ್ಲ ಕಡೆ ತಿರುಗಿಸಿದೆವು. ನಾನು ಹೊಟ್ಟೆ ನೋಡಿದೆ, ಗುರುರಾಜ ಬಾಲ ನೋಡಿದ, ಉಸ್ತಾದ್ ಬೆನ್ನು ನೋಡಿದರು. ಏನೂ ಇಲ್ಲ. ಎಣ್ಣೆ ಹಾಕಿದಷ್ಟು ಸಲೀಸು.

ಉಸ್ತಾದ್ ಕೈ ಒರೆಸಿಕೊಳ್ಳುತ್ತ, "ಸಾಬ್, ನಿಮ್ಮ ಮೊಣಕಾಲು ಸ್ಟಿಕ್ಕಿಗೆ ತಗುಲಿರಬೇಕು. ಹೊಸಬರಿಗೆ ಮೊಣಕಾಲು ಸ್ವಲ್ಪ ನಡುಗುತ್ತದೆ," ಎಂದರು. ಸುತ್ತ ಇದ್ದವರು ನಕ್ಕರು.

ಆ ನಗು ಅಲ್ಲಿಗೆ ನಿಲ್ಲಲಿಲ್ಲ. ಅಧಿಕಾರಿಗಳ ಮೆಸ್ಸಿಗೂ ಹೋಯಿತು. ಅವರನ್ನು 'ಘುಟ್ನಾ ಸಾಬ್', ಅಂದರೆ ಮೊಣಕಾಲು ಸಾಹೇಬರು, ಎಂದು ಕರೆಯತೊಡಗಿದರು. ಆ ಮನುಷ್ಯ ಮತ್ತೆ ದೂರು ಬರೆಯಲಿಲ್ಲ, ನಗುವುದನ್ನೂ ಬಿಟ್ಟರು. ವಿಮಾನ ಏರುವ ಮುನ್ನ ಮೊಣಕಾಲಿಗೆ ಕಟ್ಟಿದ ಪಟ್ಟಿಯನ್ನು ಮೂರು ಸಲ ಮುಟ್ಟಿಕೊಳ್ಳುತ್ತಿದ್ದರು. ಗುರುರಾಜ ಒಂದು ದಿನ ನನಗೆ ಹೇಳಿದ: "ಬಸು, ಆ ಸಾಹೇಬ್ರು ಸುಳ್ಳ ಹೇಳೋರಂಗ ಕಾಣ್ಸಂಗಿಲ್ಲ. ಏನೋ ಅದ ಅದರಾಗ." ನನಗೂ ಹಾಗೆಯೇ ಅನ್ನಿಸಿತ್ತು. ಆದರೆ ಹೊಟ್ಟೆ, ಬಾಲ, ಬೆನ್ನು ಎಲ್ಲವನ್ನೂ ನೋಡಿಯಾಗಿತ್ತು. ಇನ್ನು ಎಲ್ಲಿ ಅಂತ ಹುಡುಕುವುದು?

ಅದಾಗಿ ಒಂದು ಮಳೆಗಾಲ ಕಳೆದಿತ್ತು. ಅದೇ ವಿಮಾನದ ಎಂಜಿನ್ ಬದಲಿಸುವ ಕೆಲಸ ಬಂತು. ಮರುದಿನ ಬೆಳಿಗ್ಗೆ ಅದು ಹಾರಬೇಕು, ಮೇಲಿನವರಿಗೆ ಭಾರಿ ಅವಸರ. ಮಧ್ಯಾಹ್ನ ಕೆಲಸ ಮುಗಿಸಿ ಪೆಟ್ಟಿಗೆ ನೋಡಿದರೆ ಗುರುರಾಜನ ಪೆಟ್ಟಿಗೆಯಲ್ಲಿ ಒಂದು ಗೂಡು ಖಾಲಿ. ಬೆರಳುದ್ದದ ಸಣ್ಣ ಪಾನಾ.

ಹುಡುಕಿದೆವು. ಜೇಬು, ಬೂಟು, ಕಸದ ಡಬ್ಬಿ, ಏಣಿಯ ಕೆಳಗೆ. ಒಬ್ಬ ಹಿರಿಯ ಸಹೋದ್ಯೋಗಿ ಗುರುರಾಜನನ್ನು ಪಕ್ಕಕ್ಕೆ ಕರೆದು, ಪೇಟೆಯಲ್ಲಿ ಅಂಥದೇ ಪಾನಾ ಸಿಗುತ್ತದೆ, ಗುರುತು ಕೊರೆಯಲು ಎಷ್ಟು ಹೊತ್ತು, ಯಾರಿಗೂ ಹೇಳಬೇಡ ಎಂದ. ನಾನು ಅಲ್ಲೇ ನಿಂತಿದ್ದೆ. ಪಾನಾ ಕಳೆದೆನೆಂದು ಒಪ್ಪಿಕೊಂಡರೆ ಸಹಿ ಹಾಕುವ ಅಧಿಕಾರ ಹೋಗುತ್ತದೆ, ವಿಮಾನ ಮುಟ್ಟುವ ಕೆಲಸವೇ ಹೋಗುತ್ತದೆ. ಅದು ಗುರುರಾಜನಿಗೂ ಗೊತ್ತು.

"ಬಸು, ಆ ಪಾನಾ ಇದರ ಒಳಗ ಇದ್ರ?" ಎಂದ.

"ಇರಬಹುದು."

"ಹಂಗಾದ್ರ ಮುಂಜಾನೆ ಇದರಾಗ ಕೂಡೋರು ಯಾರೋ ಒಬ್ರು ಇರ್ತಾರಲ್ಲೋ."

ಅಷ್ಟು ಹೇಳಿ ಸೀದಾ ಹೋಗಿ ವರದಿ ಮಾಡಿದ.

ಹ್ಯಾಂಗರ್ ತುಂಬ ಬೆಂಕಿ ಬಿದ್ದ ಹಾಗಾಯಿತು. ಹಾರಾಟ ರದ್ದು. ಉಸ್ತಾದ್ ಎಲ್ಲರೆದುರು ಗುರುರಾಜನಿಗೆ ಬೈದ ಬೈಗುಳವನ್ನು ನಾನು ಬರೆಯಲಾರೆ. ಗುಡಿಯಲ್ಲಿ ಗಂಟೆ ಬಾರಿಸಬೇಕಾದವನನ್ನು ಇಲ್ಲಿ ತಂದು ನಿಲ್ಲಿಸಿದ್ದಾರೆ ಎಂಬುದು ಅದರಲ್ಲಿ ಅತಿ ಸಣ್ಣ ಮಾತು. ಆಮೇಲೆ ವಿಮಾನ ಬಿಚ್ಚಲು ಕೆಲಸ ಹಂಚಿದರು. "ನೀವೆಲ್ಲ ಉಳಿದದ್ದು ಬಿಚ್ಚಿ. ಬೆನ್ನಿನ ಭಾಗ ನಾನು ನೋಡುತ್ತೇನೆ," ಎಂದರು.

ಅಂಥ ಹಿರಿಯರು, ಆ ವಯಸ್ಸಿನಲ್ಲಿ, ವಿಮಾನದ ಮೇಲೆ ಬೋರಲು ಮಲಗಿ, ಕಿಂಡಿಯಲ್ಲಿ ಭುಜದವರೆಗೆ ಕೈ ಹಾಕಿ ತಡಕುತ್ತಿದ್ದರು. ನಾವೆಲ್ಲ ಮುಗಿಸಿ ಕೆಳಗಿಳಿದ ಮೇಲೂ ಅವರು ಇಳಿಯಲಿಲ್ಲ. ಬೈದರೂ ನಿನಗಾಗಿ ಎಷ್ಟು ಒದ್ದಾಡುತ್ತಿದ್ದಾರೆ ನೋಡು ಎಂದು ನಾನೇ ಗುರುರಾಜನಿಗೆ ಹೇಳಿದೆ. ಅವನ ಕಣ್ಣಲ್ಲಿ ನೀರು ಬಂತು. ಕೊನೆಗೆ ಉಸ್ತಾದ್ ಇಳಿದು ಬಂದು, ಬೆನ್ನಿನಲ್ಲಿ ಏನೂ ಇಲ್ಲ ಎಂದು ಸಹಿ ಹಾಕಿದರು.

ಎಲ್ಲೂ ಏನೂ ಸಿಗಲಿಲ್ಲ. ಎಲ್ಲ ಭಾಗವೂ ನೋಡಿಯಾಗಿದೆ, ಇನ್ನು ಹಾರಿಸಬಹುದು ಎಂದು ಇಂಜಿನಿಯರ್ ಅಧಿಕಾರಿಯೇ ಹೇಳಿದರು. ಅದಕ್ಕೆ ಅಡ್ಡ ನಿಂತವರು ಉಸ್ತಾದ್. ಈ ವಿಮಾನದ ಆಯುಷ್ಯ ಹೇಗೂ ಮುಗಿಯುತ್ತ ಬಂದಿದೆ, ಪಾನಾ ಸಿಗದೆ ಇದನ್ನು ಹಾರಿಸಿದರೆ ನನ್ನ ಮನಸ್ಸು ಒಪ್ಪುವುದಿಲ್ಲ ಎಂದು ಹಟ ಹಿಡಿದರು. ಅವರ ಮಾತಿಗೆ ಅಷ್ಟು ಬೆಲೆ ಇತ್ತು. ಮಿಗ್ ಮೂಲೆ ಸೇರಿತು. ಬೇರೆ ವಿಮಾನಗಳಿಗೆ ಬಿಡಿಭಾಗ ಬೇಕಾದಾಗೆಲ್ಲ ಅದರಿಂದ ಬಿಚ್ಚಿಕೊಂಡು ಹೋದರು.

ಗುರುರಾಜನೂ ಮೂಲೆ ಸೇರಿದ. ಅವನ ಸಹಿ ಕಿತ್ತುಕೊಂಡು ಕಂಬಳಿ, ಬೂಟು ಹಂಚುವ ಉಗ್ರಾಣಕ್ಕೆ ಹಾಕಿದರು. ಮತ್ತೆ ವಿಮಾನದ ಹತ್ತಿರ ಸುಳಿಯಲಿಲ್ಲ. ಕರಾರಿನ ಅವಧಿ ಮುಗಿದದ್ದೇ ಸೇಡಂಗೆ ಬಂದು ಮನೆತನದ ಗುಡಿಯ ಪೂಜೆ ಹಿಡಿದ. ನನಗೆ ಅವನ ಮೇಲೆ ಅನುಮಾನ ಬರಲಿಲ್ಲವೇ ಎಂದರೆ, ಬಂತು. ಪಾನಾ ಎಲ್ಲೋ ಬೇರೆ ಕಡೆ ಬಿಟ್ಟು ಮರೆತಿರಬಹುದು ಎಂದುಕೊಂಡೆ. ಅವನ ಎದುರೇ ಹೇಳಿದೆ. "ಬರೋಬ್ಬರಿ. ನಂಗೂ ನನ್ನ ಮ್ಯಾಲ ಅದೇ ಸಂಶಯ ಅದ," ಎಂದ.

ನಾನು ಮಾತ್ರ ಉಳಿದೆ. ಮಿಗ್ ಬಿಟ್ಟು ಸುಖೋಯ್ ಬಂದವು. ಎರಡು ಎಂಜಿನ್, ಮನೆಯಷ್ಟು ದೊಡ್ಡದು. ಕೊನೆಯ ವರ್ಷಗಳಲ್ಲಿ ನಮ್ಮವೇ ತೇಜಸ್ ವಿಮಾನಗಳ ಕೆಲಸವನ್ನೂ ಕಂಡೆ; ಅತ್ತ ರಫೇಲ್ ಬಂದಾಗ ದೂರದಿಂದ ನೋಡಿದೆ. ಕೆಲಸದ ರೀತಿಯೇ ಬದಲಾಯಿತು. ಹಿಂದೆ ಮೂಗು, ಕಿವಿ, ಬೆರಳಿನಿಂದ ಹುಡುಕುತ್ತಿದ್ದ ದೋಷವನ್ನು ಈಗ ವಿಮಾನವೇ ಕಂಪ್ಯೂಟರಿಗೆ ಹೇಳುತ್ತದೆ. ನನಗೆ ಅದು ಹೇಳದೆ ಬಿಟ್ಟದ್ದೇನು ಎಂಬ ಚಿಂತೆ. ಪರದೆಯ ಮೇಲೆ ಹಸಿರು ಬಣ್ಣ ಬಂದರೂ ನಾನು ಮತ್ತೊಮ್ಮೆ ಕೈಯಿಂದ ಮುಟ್ಟಿ ನೋಡುತ್ತಿದ್ದೆ, ಹುಡುಗರು ನಗುತ್ತಿದ್ದರು.

ಹೊಸ ವಿಮಾನದ ಮೈ ಎಲ್ಲ ಕಡೆ ತಗಡಲ್ಲ, ನೂಲಿನಂಥ ಎಳೆಗಳನ್ನು ಪದರ ಪದರವಾಗಿ ಅಂಟಿಸಿ ಗಟ್ಟಿ ಮಾಡಿದ್ದು. ಪದರ ಬಿಟ್ಟಿದೆಯೇ ಎಂದು ತಿಳಿಯಲು ನಾಣ್ಯದಿಂದ ಬಡಿದು ದನಿ ಕೇಳುವ ಪದ್ಧತಿ ಇದೆ. ಕೇಳಿ ನನಗೆ ಹಬ್ಬವಾಯಿತು. ಅಪ್ಪನ ವಿದ್ಯೆ! ಬಡಿಯುತ್ತ ಹೋದೆ. ಒಂದು ಕಡೆ ಬದ್ದೆಂದಿತು. ವಿಮಾನ ನಿಲ್ಲಿಸಿ ಎಂದು ಕೂಗಿಬಿಟ್ಟೆ. ಒಬ್ಬ ತರುಣಿ ಇಂಜಿನಿಯರ್ ಅಧಿಕಾರಿ ಉಪಕರಣ ತಂದು ಹಚ್ಚಿ ನೋಡಿದರು. ಅಲ್ಲಿ ಒಳಗಿನ ಜೇನುಗೂಡಿನಂಥ ರಚನೆ ಮುಗಿದು ಗಟ್ಟಿ ಅಂಚು ಶುರುವಾಗುತ್ತದೆ, ಅದಕ್ಕೇ ದನಿ ಬದಲಾಗುತ್ತದೆ. ನಕ್ಷೆಯಲ್ಲಿ ಚೊಕ್ಕವಾಗಿ ಬರೆದಿತ್ತು. ನಾನು ನಕ್ಷೆ ನೋಡದೆ ಕಿವಿ ನಂಬಿದ್ದೆ. "ಇದು ನಿಮ್ಮೂರ ಫರ್ಸಿ ಅಲ್ಲ," ಎಂದು ಹುಡುಗರು ವಾರಗಟ್ಟಲೆ ಕಾಡಿದರು. ಆ ಅಧಿಕಾರಿ ಮಾತ್ರ ನಗಲಿಲ್ಲ. ನಿಮ್ಮ ಕಿವಿಯ ಮೇಲೂ ಸ್ವಲ್ಪ ಅನುಮಾನ ಇರಲಿ ಎಂದರು, ಅಷ್ಟೇ. ಆ ಮಾತನ್ನು ನಾನು ಮರೆತಿಲ್ಲ.

ನಿವೃತ್ತನಾಗಿ ವಾಡಿಗೆ ಬಂದೆ. ಉಸ್ತಾದ್ ತೀರಿಕೊಂಡ ಸುದ್ದಿ ನಮ್ಮ ಹಳೆಯ ಸ್ಕ್ವಾಡ್ರನ್ನಿನವರ ವಾಟ್ಸಾಪ್ ಗುಂಪಿನಲ್ಲಿ ಬಂತು. ಒಂದೂ ಪಾನಾ ಕಳೆಯದ ಮಹನೀಯರು ಎಂದು ಎಲ್ಲರೂ ಬರೆದರು. ನಾನೂ ಕೈ ಮುಗಿದ ಚಿತ್ರ ಹಾಕಿದೆ.

ಈಚೆಗೆ ಸೇಡಂನ ಒಂದು ಕಾಲೇಜಿನವರು ತಮ್ಮ ಅಂಗಳದಲ್ಲಿ ನಿಲ್ಲಿಸಲು ನಿವೃತ್ತ ಮಿಗ್ ಒಂದನ್ನು ಕೇಳಿದ್ದರು. ಮಿಗ್‌ಗಳೆಲ್ಲ ಈಗ ಹಾರುವುದನ್ನು ನಿಲ್ಲಿಸಿವೆ. ದೇಶದ ಊರೂರುಗಳಲ್ಲಿ ಕಂಬದ ಮೇಲೆ ನಿಂತಿವೆ. ಯಾವ ಯಾವ ವಿಮಾನಗಳು ಸಿಗಬಹುದೆಂದು ವಾಯುಪಡೆಯಿಂದ ತಿಳಿಸಿದಾಗ ಕಾಲೇಜಿನವರು ಬಲ್ಲವನೆಂದು ನನ್ನನ್ನು ಕರೆದರು. ಅವುಗಳಲ್ಲಿ ಒಂದರ ಬಾಲದ ಸಂಖ್ಯೆ ನೋಡಿದ ಕೂಡಲೇ ಗುರುತು ಹಿಡಿದೆ. ನಮ್ಮದೇ. ಮೂಲೆ ಸೇರಿದ್ದು. "ಇದೇ ಬೇಕ್ರಿ," ಎಂದೆ. ಇದರ ಬಣ್ಣ ಚೆನ್ನಾಗಿ ಉಳಿದಿದೆ ಎಂದು ಏನೋ ಕಾರಣ ಕೊಟ್ಟೆ. ಅಸಲು ಕಾರಣ ಒಂದೇ: ಗುರುರಾಜನ ಪಾನಾ ಅದರೊಳಗೆ ಇದೆಯೋ ಇಲ್ಲವೋ ಎಂಬುದು ಸಾಯುವ ಮೊದಲು ನನಗೆ ತಿಳಿಯಬೇಕಿತ್ತು.

ಉದ್ದನೆಯ ಲಾರಿಯ ಮೇಲೆ ಮಳಖೇಡ ದಾಟಿ ವಿಮಾನ ಬಂತು. ರೆಕ್ಕೆ ಬೇರೆ, ಬಾಲ ಬೇರೆ. ಯಾರೋ ಮೂಗಿಗೆ ಕುಂಕುಮ ಹಚ್ಚಿ ತೆಂಗಿನಕಾಯಿ ಒಡೆದರು. ನಾನು ಓಡಿ ಹೋಗಿ ಚೂರು ಹೆಕ್ಕತೊಡಗಿದೆ. ಅದರಲ್ಲಿ ಎಂಜಿನ್ನೇ ಇಲ್ಲ ಎಂಬುದು ಆಮೇಲೆ ನೆನಪಾಯಿತು. ಜೋಡಿಸಲು ಬಂದ ವಾಯುಪಡೆಯ ತರುಣ ಸಾರ್ಜೆಂಟ್ ನೋಡಿ ನಕ್ಕ. ಸಾಗಿಸುವಾಗ ಜಜ್ಜಿದ್ದರಿಂದ ಬೆನ್ನಿನ ಮೇಲಿನ ತಗಡನ್ನು ಪೂರ್ತಿ ತೆಗೆದು ಹೊಸದು ಹಾಕುವುದಿದೆ ಎಂದು ಅವನು ಹೇಳಿದ. ನಾನು ಕೂಡಲೇ ಗುರುರಾಜನ ಮನೆಗೆ ಹೋದೆ.

ಪೂಜೆ ಮುಗಿಸಿ ಕಟ್ಟೆಯ ಮೇಲೆ ಕೂತಿದ್ದ. "ಬಾರೋ ಬಸು, ಕೂಡು," ಎಂದ. ವಿಷಯ ಹೇಳಿದೆ. ಮುಖ ತಿರುಗಿಸಿದ.

"ನಾ ಬರಂಗಿಲ್ಲ. ಊರ ಮಂದಿಗೆಲ್ಲ ವಿಮಾನ ನೋಡೋ ಹುರುಪು. ನಂಗ ಅದರ ಮಾರಿ ನೋಡೋದು ಬ್ಯಾಡ."

"ಬೆನ್ನು ಪೂರಾ ಬಿಚ್ಚಲಿಕತ್ತಾರ. ನಾ ಒಬ್ಬನೇ ಹುಡುಕಿ, ಇಲ್ಲ ಅಂತ ಬಂದು ಹೇಳಿದ್ರ ನೀ ನಂಬ್ತೀಯೇನು?"

"ನಿನ್ನ ಹೆಂಗ ನಂಬ್ಲಿ," ಎಂದು ಎದ್ದು ಉತ್ತರೀಯ ಹೊದ್ದುಕೊಂಡ.

ಸಾರ್ಜೆಂಟ್ ಒಪ್ಪಿಗೆ ಕೊಟ್ಟ. ಹೊಟ್ಟೆ, ಎಂಜಿನ್ ಇರುತ್ತಿದ್ದ ಜಾಗ, ಬಾಲ, ಟಾರ್ಚ್ ಹಿಡಿದು ಎಲ್ಲವನ್ನೂ ನೋಡಿದೆವು. ನಾನು ನೋಡಿದ್ದನ್ನು ಅವನು, ಅವನು ನೋಡಿದ್ದನ್ನು ನಾನು. ಗುರುರಾಜನ ಪಾನಾ ಇರಲಿಲ್ಲ. ಅವನು ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಕೊನೆಗೆ ಏಣಿ ಹತ್ತಿ ತೆರೆದ ಬೆನ್ನು ನೋಡಿದೆವು. ಸರಳು ಹಾದುಹೋಗುವ ಕಡೆ, ಎರಡು ಕಿಂಡಿಗಳ ನಡುವೆ, ಎಂಥ ಉದ್ದ ಕೈಯೂ ತಲುಪದ ಜಾಗದಲ್ಲಿ ಧೂಳಿನ ಕೆಳಗೆ ಏನೋ ಇತ್ತು.

ಗುರುರಾಜ ಅದನ್ನು ತೆಗೆದು ಉತ್ತರೀಯದ ಅಂಚಿನಿಂದ ಒರೆಸಿದ. ಪಾನಾ. ಅವನದಲ್ಲ, ಅದಕ್ಕಿಂತ ಎರಡು ಪಟ್ಟು ದೊಡ್ಡದು. ಒಂದು ಬದಿಗೆ ಸರಳು ಉಜ್ಜಿ ಉಜ್ಜಿ ಮಿರುಗುವ ಗೆರೆ ಬಿದ್ದಿತ್ತು. ತಿರುಗಿಸಿದ. ಅಂಕಿ. ಅಂಕಿಯ ಪಕ್ಕ ಚುಕ್ಕೆ.

ಇಬ್ಬರೂ ಏಣಿಯ ಮೇಲೆಯೇ ನಿಂತೆವು.

"ಆ ದಿನ ಬೆನ್ನು ಯಾರು ನೋಡಿದ್ರೋ ಬಸು?" ಎಂದ, ಗೊತ್ತಿದ್ದೂ.

"ಉಸ್ತಾದ್."

"ಸಾಹೇಬ್ರು ಸ್ಟಿಕ್ ಹಿಡೀತು ಅಂತ ದೂರು ಕೊಟ್ಟಾಗ?"

"ಆಗೂ ಉಸ್ತಾದ್."

ಅಷ್ಟು ಹೊತ್ತು ಕಿಂಡಿಯಲ್ಲಿ ಕೈ ಹಾಕಿ ಅವರು ತಡಕಿದ್ದು ಯಾರ ಪಾನಾಕ್ಕಾಗಿ ಎಂದು ನನಗೆ ಆಗ ಹೊಳೆಯಿತು. ತಮ್ಮ ಪೆಟ್ಟಿಗೆಯ ಖಾಲಿ ಗೂಡಿನಲ್ಲಿ ಯಾವತ್ತೋ ಪೇಟೆಯ ಪಾನಾ ಕೂರಿಸಿ, ಅದಕ್ಕೂ ಚುಕ್ಕೆ ಕೊರೆದಿರಬೇಕು. ವಿಮಾನ ಹಾರಿಸಬೇಡಿ ಎಂದು ಹಟ ಹಿಡಿದದ್ದೂ ಅದಕ್ಕೇ. ಮರುದಿನ ಏರಬೇಕಿದ್ದ ಪೈಲಟ್‌ನ ಜೀವ ಉಳಿಸಿದರು, ತಮ್ಮ ಹೆಸರನ್ನೂ ಉಳಿಸಿಕೊಂಡರು. ಬೆಲೆ ಕೊಟ್ಟವನು ನನ್ನ ಪಕ್ಕ ಏಣಿಯ ಮೇಲಿದ್ದ. ನನಗೆ ಬಂದ ಸಿಟ್ಟಿಗೆ ಆ ಪಾನಾವನ್ನು ಫೋಟೊ ತೆಗೆದು, ಕೈ ಮುಗಿದಿದ್ದ ಅದೇ ಗುಂಪಿಗೆ ಆಗಲೇ ಹಾಕಬೇಕೆನ್ನಿಸಿತು.

"ಬ್ಯಾಡ," ಎಂದ ಗುರುರಾಜ. "ಸತ್ತವ್ರಿಗೆ ಬೈದು ಏನ್ ಮಾಡ್ತಿ? ಇದು ಎಲ್ಲಿ ಸಿಕ್ತು ಅಂತ ಸಾರ್ಜೆಂಟಗ ಹೇಳಿ ಕೊಡೋಣು. ಆದ್ರ ಇದಕ್ಕೂ ಮೊದಲ ಹೇಳ್ಬೇಕಾದವ್ರು ಒಬ್ರು ಅದಾರ. ಆ ಮೊಣಕಾಲು ಸಾಹೇಬ್ರ ನಂಬರ್ ನಿನ್ನ ಹತ್ರ ಅದ ಏನು?"

ಗುಂಪಿನಲ್ಲಿತ್ತು. ಅವರೂ ಎಂದೋ ನಿವೃತ್ತರು, ಗುಂಪಿನಲ್ಲಿ ಒಂದು ಮಾತೂ ಆಡದವರು. ಫೋನ್ ಹಚ್ಚಿ ಕೊಟ್ಟೆ. ಗುರುರಾಜ ತನ್ನ ಹಳೆಯ ಹಿಂದಿಯಲ್ಲಿ, ಅಂದು ವರದಿ ಮಾಡಿದ ಹಾಗೆಯೇ ನೆಟ್ಟಗೆ ನಿಂತು, ವಿಮಾನದ ಸಂಖ್ಯೆ ಹೇಳಿ, ಬೆನ್ನಿನಲ್ಲಿ ಸರಳಿನ ಪಕ್ಕ ಪಾನಾ ಸಿಕ್ಕಿದೆ ಎಂದು ಹೇಳಿದ. ನಾನೂ ಫೋನಿಗೆ ಕಿವಿ ಹಚ್ಚಿದೆ.

"ಅಂದರೆ ಮೊಣಕಾಲಲ್ಲ," ಎಂದಿತು ಆಚೆಯ ಮುದಿ ದನಿ.

"ಅಲ್ಲ ಸಾಬ್."

"ಪಾನಾ ಕಳೆದಿದೆ ಎಂದು ವರದಿ ಮಾಡಿದ ಹುಡುಗ ನೀನೇ ಅಲ್ಲವೇ? ಮರುದಿನ ಬೆಳಿಗ್ಗೆ ಆ ವಿಮಾನ ನನ್ನ ಪಾಲಿಗಿತ್ತು. ಮತ್ತೆ ದೂರು ಹೇಳಿದರೆ ನಗುತ್ತಾರೆಂದು, ಏನಾದರಾಗಲಿ ಎಂದು ಏರಲು ಸಿದ್ಧನಾಗಿದ್ದೆ."

ಗುರುರಾಜ ಫೋನನ್ನು ನನ್ನ ಕೈಗಿಟ್ಟು, ಏಣಿಯ ಮೆಟ್ಟಿಲ ಮೇಲೆ ಕೂತು ಅತ್ತ. ನಾನೂ ಅತ್ತೆ. ಸಾರ್ಜೆಂಟ್ ಏನು ಮಾಡಬೇಕೆಂದು ತಿಳಿಯದೆ ನೀರು ತರಲು ಹೋದ.

ಸಂಜೆಯ ಹೊತ್ತಿಗೆ ಹೊಸ ತಗಡು ಬಂತು. ಸಾರ್ಜೆಂಟ್‌ನನ್ನು ಕೇಳಿಕೊಂಡು ಒಂದು ಕಿಂಡಿಯ ಮುಚ್ಚಳವನ್ನು ನಾನೇ ಕೂರಿಸಿ ತಿರುಪು ಬಿಗಿ ಮಾಡಿದೆ. ಇನ್ನೆಂದೂ ಹಾರದ ವಿಮಾನ ಅದು, ಹೇಗೆ ಬಿಗಿದರೂ ನಡೆಯುತ್ತಿತ್ತು. ಕೆಳಗಿಳಿಯುವಷ್ಟರಲ್ಲಿ ಗುರುರಾಜ ಏಣಿ ಹತ್ತಿ ಬಂದು ಒಂದೊಂದನ್ನೇ ಬೆರಳಿನಿಂದ ಜಗ್ಗತೊಡಗಿದ.

"ನಾ ಬಿಗಿ ಮಾಡೀನಲ್ಲೋ," ಎಂದೆ.

"ಅದಕ್ಕೇ ನೋಡ್ಲಿಕತ್ತೀನಿ."

ಕೊನೆಯ ತಿರುಪಿನ ಮೇಲೆ ಅವನ ಬೆರಳು ನಿಂತಿತು. ನನ್ನ ಕಡೆ ನೋಡಿದ. ಕೈ ಚಾಚಿದ. ನಾನು ತಿರುಪುಳಿ ಕೊಟ್ಟೆ. ಅರ್ಧ ಸುತ್ತು ಬಿಗಿ ಮಾಡಿ, ಮತ್ತೊಮ್ಮೆ ಜಗ್ಗಿ, "ನೋಡಿದೆ," ಎಂದ.